ಇಲಿ ಬಿದ್ದ ವರ್ಷ

ಹಳೆಯ ಮೈಸೂರು ಸೀಮೆಯ ಮುದುಕಿಯರನ್ನು ವಯಸ್ಸೆಷ್ಟೆಂದು ಕೇಳಿದರೆ ಅವರು ಇಸವಿಯ ಲೆಕ್ಕ ಹೇಳುತ್ತಿರಲಿಲ್ಲ. ಧಾತು ಈಶ್ವರದ ಬರದಲ್ಲಿ ತಾನಿನ್ನೂ ಕಂಕುಳ ಕೂಸೆಂದೋ, ಇಲಿ ಬಿದ್ದ ವರ್ಷ ತನಗೆ ಚೊಚ್ಚಲ ಬಾಣಂತನವೆಂದೋ ಹೇಳುತ್ತಿದ್ದರು. ಕೇಳಿದವರೂ ಅಷ್ಟರಿಂದಲೇ ತಿಳಿದುಕೊಳ್ಳುತ್ತಿದ್ದರು. ಇಲಿ ಬೀಳುವುದೆಂದರೆ ಅಟ್ಟದ ಮೇಲಿನ ಇಲಿ ಹಾಡುಹಗಲಲ್ಲಿ ನಡುಮನೆಗೆ ತೂರಾಡುತ್ತ ಬಂದು, ಬೆಕ್ಕಿಗೂ ಹೆದರದೆ, ಎಲ್ಲರ ಕಣ್ಣೆದುರಿಗೆ ಸಾಯುವುದು. ಅದಾದ ಕೆಲವು ದಿನಗಳಿಗೆ ಮನೆಯವರಲ್ಲಿ ಯಾರಿಗಾದರೂ ಜ್ವರ ಕಾಣಿಸುತ್ತಿತ್ತು. ತೊಡೆಯ ಸಂದಿನಲ್ಲೋ ಕಂಕುಳಲ್ಲೋ ಗಡ್ಡೆ ಏಳುತ್ತಿತ್ತು. ಮುಂದಿನದನ್ನು ವಿವರಿಸಿ ಹೇಳುವ ಅಗತ್ಯ ಆ ಕಾಲದವರಿಗೆ ಇರಲಿಲ್ಲ.

ಬೆಂಗಳೂರಿನಲ್ಲಿ ಇಲಿ ಬಿದ್ದ ಮೊದಲ ವರ್ಷ ೧೮೯೮. ಅದು ವಿಳಂಬಿ ಸಂವತ್ಸರ. ಮಾರಿ ಮಾತ್ರ ವಿಳಂಬವನ್ನೇನೂ ಮಾಡಲಿಲ್ಲ. ೧೮೯೪ರಲ್ಲಿ ಹಾಂಗ್‌ಕಾಂಗಿನಲ್ಲಿದ್ದ ಪ್ಲೇಗು ೧೮೯೬ರಲ್ಲಿ ಹಡಗಿನ ದಾರಿಯಿಂದ ಮುಂಬಯಿಗೆ ಬಂದಿತು. ಅಲ್ಲಿಂದ ಪುಣೆ, ಅಲ್ಲಿಂದ ಧಾರವಾಡ ಹುಬ್ಬಳ್ಳಿ. ಹುಬ್ಬಳ್ಳಿಗೂ ಬೆಂಗಳೂರಿಗೂ ನಡುವೆ ಆಗಿನ್ನೂ ಹತ್ತು ವರ್ಷ ತುಂಬದ ಹೊಸ ರೈಲು ದಾರಿಯಿತ್ತು: ಹರಿಹರ, ಅರಸೀಕೆರೆ, ತುಮಕೂರು, ಯಶವಂತಪುರ, ಬೆಂಗಳೂರು. ಎತ್ತಿನ ಗಾಡಿಯ ಕಾಲದಲ್ಲಾಗಿದ್ದರೆ ರೋಗಿಯು ದಾರಿಯ ಯಾವುದೋ ಛತ್ರದಲ್ಲಿ ಮಲಗಿ ಅಲ್ಲಿಯೇ ತೀರಿಕೊಳ್ಳುತ್ತಿದ್ದನೇನೋ. ರೈಲು ಅವನನ್ನು ಬದುಕಿರುವಾಗಲೇ ಊರಿಗೆ ಮುಟ್ಟಿಸಿತು. ಧಾನ್ಯದ ಚೀಲಗಳನ್ನೂ, ಚೀಲಗಳೊಳಗಿನ ಇಲಿಗಳನ್ನೂ ಹೊತ್ತು ತಂದಿತು. ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನ ಮೊದಲ ರೋಗಿಗಳು ಕಾಣಿಸಿಕೊಂಡರು. ಮಳೆಗಾಲ ಕಳೆದು ಚಳಿ ಹಿಡಿಯುವ ಹೊತ್ತಿಗೆ ಪೇಟೆಯಲ್ಲಿಯೂ ದಂಡಿನಲ್ಲಿಯೂ ಸಾವು ದಿನದ ಸುದ್ದಿಯಾಗಿತ್ತು. ಬೆಂಗಳೂರಿನ ಹಿತವಾದ ಹವೆಯನ್ನು ನಾವೆಲ್ಲ ಹೊಗಳುತ್ತೇವೆ; ಪ್ಲೇಗಿನ ಚಿಗಟಕ್ಕೂ ಅದೇ ಹವೆ ಹಿತವೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ.

ತಿಳಿಯದಿದ್ದದ್ದು ಅದೊಂದೇ ಅಲ್ಲ. ರೋಗದ ಕ್ರಿಮಿಯನ್ನು ಯೆರ್ಸಿನ್ ಎಂಬ ವೈದ್ಯ ಹಾಂಗ್‌ಕಾಂಗಿನಲ್ಲಿ ೧೮೯೪ರಲ್ಲೇ ಕಂಡುಹಿಡಿದಿದ್ದ. ಆದರೆ ಅದು ಇಲಿಯಿಂದ ಮನುಷ್ಯನಿಗೆ ಹೇಗೆ ದಾಟುವುದೆಂಬುದು ಒಗಟಾಗಿತ್ತು. ನೆಲವನ್ನು ಸಂಶಯಿಸಿದರು, ಗಾಳಿಯನ್ನು ಸಂಶಯಿಸಿದರು, ಕೊಳಕನ್ನು ಸಂಶಯಿಸಿದರು, ಕೊನೆಗೆ ಬಡವನನ್ನು ಸಂಶಯಿಸಿದರು. ಇಲಿಯ ಮೈಮೇಲಿನ ಚಿಗಟವೇ ಈ ಸೋಂಕಿನ ವಾಹನವೆಂಬುದನ್ನು ಪಾಲ್ ಲೂಯಿ ಸಿಮೊಂದ್ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದು ಅದೇ ೧೮೯೮ರಲ್ಲಿ. ಆತನ ಮಾತನ್ನು ವಿದ್ವಾಂಸರು ನಂಬಲು ಇನ್ನೂ ಸುಮಾರು ಹತ್ತು ವರ್ಷ ಬೇಕಾಯಿತು. ಅಷ್ಟರವರೆಗೆ ಸರ್ಕಾರದವರಾಗಲಿ ಜನರಾಗಲಿ ಕತ್ತಲೆಯಲ್ಲಿ ತಡಕಾಡುತ್ತಿದ್ದರು. ಆದ್ದರಿಂದ ಅಂದಿನವರ ತಪ್ಪುಗಳನ್ನು ಎಣಿಸುವಾಗ ಸ್ವಲ್ಪ ತಾಳ್ಮೆ ಬೇಕು.

೧೮೯೧ರ ಜನಗಣತಿಯಲ್ಲಿ ಬೆಂಗಳೂರಿನ ಪೇಟೆ ಮತ್ತು ದಂಡು ಎರಡೂ ಸೇರಿ ೧,೮೦,೩೬೬ ಜನರಿದ್ದರು, ೧೯೦೧ರಲ್ಲಿ ೧,೫೯,೦೪೬. ಬೆಳೆಯುತ್ತಿರುವ ಊರೊಂದು ಹತ್ತು ವರ್ಷದಲ್ಲಿ ಇಪ್ಪತ್ತೊಂದು ಸಾವಿರಕ್ಕೂ ಮೀರಿ ಕುಗ್ಗಿತು. ಇದರಲ್ಲಿ ಸತ್ತವರೆಷ್ಟೋ ಅಷ್ಟೇ ಮುಖ್ಯವಾಗಿ ಊರು ಬಿಟ್ಟು ಹೋದವರೂ ಇದ್ದಾರೆ. ಹೀಗೆ ಊರು ಬಿಟ್ಟದ್ದನ್ನು ಬರಿಯ ಹೆದರಿಕೆಯೆಂದು ಬರೆದಿಡುವುದು ವಾಡಿಕೆ. ಆದರೆ ಊರು ಬಿಡುವುದರಲ್ಲಿ ಎರಡು ಬಗೆಯುಂಟು. ಈ ಲೇಖನದಲ್ಲಿ ಹೇಳಬೇಕೆಂದಿರುವುದು ಮುಖ್ಯವಾಗಿ ಆ ವ್ಯತ್ಯಾಸವನ್ನೇ.

ಒಂದು ಬಗೆ ಪೇಟೆಯವರದು. ಪಕ್ಕದ ಮನೆಯಲ್ಲಿ ಸಾವಾಯಿತೆಂದು ಕೇಳಿದ ಕೂಡಲೇ ರಾತ್ರೋರಾತ್ರಿ ಹಾಸಿಗೆ ಸುತ್ತಿ, ಬಾಗಿಲಿಗೆ ಬೀಗ ಜಡಿದು, ಸಿಕ್ಕಿದ ಗಾಡಿಗೋ ರೈಲಿಗೋ ಹತ್ತುವುದು. ನೆಂಟರ ಊರಿಗೆ ಹೋಗಿ ಏನೂ ಆಗಿಲ್ಲವೆಂಬಂತೆ ಜಗಲಿಯ ಮೇಲೆ ಕುಳಿತುಕೊಳ್ಳುವುದು. ಸುತ್ತಿದ ಹಾಸಿಗೆಯಲ್ಲಿ ಚಿಗಟವಿರುತ್ತಿತ್ತು. ಮನೆಯಲ್ಲಿ ಜ್ವರದವರಿದ್ದರೆಂಬುದನ್ನು ನೆಂಟರಿಗೆ ಹೇಳುತ್ತಿರಲಿಲ್ಲ. ಹೇಳಿದರೆ ಒಳಕ್ಕೆ ಸೇರಿಸಬೇಕಲ್ಲ! ಹೀಗೆ ಹೋದವನು ತನ್ನ ಜೀವ ಉಳಿಸಿಕೊಳ್ಳುವ ಭರದಲ್ಲಿ ಇನ್ನೊಂದು ಊರಿಗೆ ಮಾರಿಯನ್ನು ಮುಟ್ಟಿಸಿ ಬರುತ್ತಿದ್ದ. ಅವನನ್ನು ದುಷ್ಟನೆಂದು ಕರೆಯುವಂತಿಲ್ಲ. ಮಕ್ಕಳೊಂದಿಗನಾದ ಯಾವ ತಂದೆಯೂ ಅದನ್ನೇ ಮಾಡಿಯಾನು.

ಇನ್ನೊಂದು ಬಗೆ ಹಳ್ಳಿಯವರದು. ಇಂದು ಯಲಹಂಕ, ಹೆಬ್ಬಾಳ, ರವೀಂದ್ರನಾಥ ಠಾಗೂರ್ ನಗರ ಎಂದು ಮನೆಗಳ ಸಾಲು ನಿಂತಿರುವ ಕಡೆಯೆಲ್ಲ ಆಗ ರಾಗಿಯ ಹೊಲ, ಕೆರೆಯ ಕೆಳಗಿನ ಗದ್ದೆ, ಮಾವಿನ ತೋಪು. ನಡುನಡುವೆ ಐವತ್ತು ನೂರು ಒಲೆಯ ಹಳ್ಳಿಗಳು. ಮೊದಲನೆಯ ಹಾವಳಿಯಲ್ಲಿ ಈ ಹಳ್ಳಿಗಳೂ ದಿಕ್ಕುಗೆಟ್ಟವು. ಆದರೆ ಪ್ಲೇಗು ಒಂದು ಸಲ ಬಂದು ಹೋಗುವ ರೋಗವಾಗಿರಲಿಲ್ಲ. ಮುಂದೆ ಹಲವಾರು ವರ್ಷ ಚಳಿಗಾಲ ಬಂದಂತೆಲ್ಲ ಬರುತ್ತಲೇ ಇತ್ತು. ಎರಡು ಮೂರು ವರ್ಷದ ಅನುಭವದಲ್ಲಿ ಹಳೆಯ ಮೈಸೂರಿನ ಹಳ್ಳಿಗಳು ಯಾರೂ ಹೇಳಿಕೊಡದ ಒಂದು ಕಟ್ಟಳೆಯನ್ನು ಮಾಡಿಕೊಂಡವು. ಇಲಿ ಬಿದ್ದರೆ ಊರು ಬಿಡುವುದು. ಮನುಷ್ಯ ಬೀಳುವವರೆಗೆ ಕಾಯಬಾರದು.

ಇದು ಓಟವಲ್ಲ, ಒಕ್ಕಲೇಳುವುದು. ಸತ್ತ ಇಲಿಯನ್ನು ಕಂಡವನು ಅದನ್ನು ಮುಚ್ಚಿಡದೆ ಪಟೇಲನಿಗೆ ತಿಳಿಸಬೇಕು. ತಮಟೆ ಹೊಡೆಸಿ ಸಾರಿಸುತ್ತಿದ್ದರು. ಊರಿಗೆ ಸ್ವಲ್ಪ ದೂರದ ಹೊಲದಲ್ಲೋ ತೋಪಿನಲ್ಲೋ ಬೊಂಬು ನೆಟ್ಟು, ತಡಿಕೆ ಕಟ್ಟಿ, ತೆಂಗಿನ ಗರಿಯನ್ನೋ ಹುಲ್ಲನ್ನೋ ಹೊದಿಸಿ ಗುಡಿಸಲು ಹಾಕುತ್ತಿದ್ದರು. ಅದಕ್ಕೆ ‘ಶೆಡ್ಡು’ ಎಂಬ ಇಂಗ್ಲಿಷ್ ಹೆಸರು ಹಳ್ಳಿಯ ಬಾಯಿಗೂ ಬಂದುಬಿಟ್ಟಿತು. ಬಸುರಿ ಬಾಣಂತಿಯರು, ಕೂಸುಗಳು, ಕಣ್ಣು ಕಾಣದ ಮುದುಕರು, ದನಕರು ಎಲ್ಲವೂ ಅಲ್ಲಿಗೇ. ರಾಗಿಯನ್ನು ಹಗೇವಿನಲ್ಲಿ ಹುಗಿದಿದ್ದರೆ ಅದು ಅಲ್ಲೇ ಉಳಿಯುತ್ತಿತ್ತು. ಮನೆಯ ಕಣಜದಲ್ಲಿದ್ದುದನ್ನು ಮಾತ್ರ ಬಿಸಿಲಿಗೆ ಹರವಿ ಬೇಕಾದಷ್ಟನ್ನು ಒಯ್ಯುತ್ತಿದ್ದರು. ಬಿಟ್ಟುಬಂದ ಊರಿಗೆ ಕಳ್ಳರ ಭಯವಿದ್ದೇ ಇತ್ತು; ಅದಕ್ಕೆ ಕಾವಲಿನ ಸರದಿ. ಮನೆಯ ಹೆಂಚು ತೆಗೆದು ಒಳಗೆ ಬಿಸಿಲು ಬೀಳುವಂತೆ ಮಾಡಿ, ಸುಣ್ಣ ಬಳಿದು, ಸಾರಿಸಿ, ಎರಡು ಮೂರು ತಿಂಗಳ ಮೇಲೆ ಒಳ್ಳೆಯ ದಿನ ನೋಡಿ ಊರಿಗೆ ಒಟ್ಟಿಗೆ ಮರಳುತ್ತಿದ್ದರು. ಶೆಡ್ಡಿನಲ್ಲಿಯೇ ಮದುವೆಗಳಾದವು, ಹಬ್ಬಗಳಾದವು. ಹೊಲದಲ್ಲಿ ಮಲಗಿ ನಕ್ಷತ್ರ ನೋಡಿದ್ದು ಆ ಕಾಲದ ಮಕ್ಕಳಿಗೆ ಒಂದು ಸುಖವಾದ ನೆನಪಾಗಿ ಉಳಿದಿತ್ತೆಂದರೆ ಇಂದಿನವರಿಗೆ ಆಶ್ಚರ್ಯವಾಗಬಹುದು.

ಚಿಗಟದ ಸಂಗತಿ ಗೊತ್ತಿಲ್ಲದೆಯೂ ಇವರು ಮಾಡಿದ್ದು ಸರಿಯಾಗಿಯೇ ಇತ್ತು. ಇಲಿ ಸತ್ತ ಮೇಲೆ ಅದರ ಚಿಗಟ ಹಸಿದು ಬೇರೆ ರಕ್ತ ಹುಡುಕುತ್ತದೆ. ಆ ಹೊತ್ತಿಗೆ ಮನೆಯಲ್ಲಿ ಮನುಷ್ಯನಿರಬಾರದು, ಅಷ್ಟೆ. ಇಂಗ್ಲೆಂಡಿನ ಡರ್ಬಿಷೈರ್ ಪ್ರಾಂತದ ಈಯಂ ಎಂಬ ಹಳ್ಳಿಯ ಕಥೆಯನ್ನು ಕೆಲವರು ಓದಿರಬಹುದು. ೧೬೬೫ರಲ್ಲಿ ಅಲ್ಲಿಗೆ ಪ್ಲೇಗು ಬಂದಾಗ ಪಾದ್ರಿಯ ಮಾತಿಗೆ ಒಪ್ಪಿ ಊರಿನವರು ಹೊರಗೆ ಹೋಗುವುದಿಲ್ಲವೆಂದು ತಮಗೆ ತಾವೇ ಗಡಿ ಹಾಕಿಕೊಂಡರು. ಗಡಿಯ ಕಲ್ಲಿನ ಗುಳಿಯಲ್ಲಿ ವಿನಿಗರ್ ತುಂಬಿ, ಅದರಲ್ಲಿ ನಾಣ್ಯ ಹಾಕಿ, ಹೊರಗಿನವರು ತಂದಿಟ್ಟ ಆಹಾರವನ್ನು ಕೊಳ್ಳುತ್ತಿದ್ದರು. ಇನ್ನೂರೈವತ್ತಕ್ಕೂ ಮೀರಿ ಜನ ಅಲ್ಲಿಯೇ ಸತ್ತರು. ರೋಗ ಮಾತ್ರ ನೆರೆಯ ಊರಿಗೆ ದಾಟಲಿಲ್ಲ. ಆ ತ್ಯಾಗಕ್ಕೆ ತಲೆಬಾಗದಿರಲಾರೆವು. ಆದರೂ ನಮ್ಮ ಪಟೇಲ ಶಾನುಭೋಗರ ಉಪಾಯವೇ ಮೇಲೆಂದು ನನಗೆ ತೋರುತ್ತದೆ. ಅವರು ಮನೆ ಬಿಟ್ಟರು, ಆದರೆ ಊರಿನ ಎಲ್ಲೆ ಬಿಡಲಿಲ್ಲ. ತಾವೂ ಉಳಿದರು, ನೆರೆಯವರನ್ನೂ ಉಳಿಸಿದರು.

ಹಳ್ಳಿಯನ್ನು ಹೊಗಳಿದ್ದು ಸಾಕು. ಅದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ನ್ಯಾಯವಾಗದು. ಮಾರಿಯನ್ನು ಪೂಜಿಸಿ ಸಂತೋಷಪಡಿಸಿ, ಕೊನೆಯಲ್ಲಿ ವಾದ್ಯಸಮೇತ ಊರ ಗಡಿಯಾಚೆಗೆ ಸಾಗಿಸಿ ಬರುವ ಪದ್ಧತಿ ನಮ್ಮ ಸೀಮೆಯಲ್ಲಿ ಹಿಂದಿನಿಂದಲೂ ಇತ್ತು. ಗಡಿಯಾಚೆ ಏನಿದೆ? ಇನ್ನೊಂದು ಊರು. ಆ ಊರಿನವರೂ ಬೆಳಗಾಗುವುದರೊಳಗೆ ಆಕೆಯನ್ನು ಮುಂದಿನ ಊರಿನ ಎಲ್ಲೆಗೆ ಸಾಗಿಸುತ್ತಿದ್ದರು. ಊರೊಳಗಿನ ಹೊಣೆ ಎಷ್ಟು ಗಟ್ಟಿಯೋ ಊರ ಹೊರಗಿನ ಹೊಣೆ ಅಷ್ಟೇ ತೆಳು. ಊರೊಳಗೆ ಕೂಡ ಶೆಡ್ಡುಗಳು ಜಾತಿಯ ಸಾಲಿನಲ್ಲಿಯೇ ಏಳುತ್ತಿದ್ದವು. ಕೇರಿಯವರ ಗುಡಿಸಲು ಹೊಲದಲ್ಲಿಯೂ ಕೇರಿಯಾಗಿಯೇ ಉಳಿಯಿತು. ಇಷ್ಟಾಗಿಯೂ ‘ಪ್ಲೇಗ್ ಮಾರಮ್ಮ’ ಎಂಬ ಹೆಸರಿನ ಗುಡಿಗಳು ಬೆಂಗಳೂರಿನ ಸುತ್ತ ಎದ್ದುವಲ್ಲ, ಅದರ ಹಿಂದಿನ ಮನಸ್ಸನ್ನು ಹಾಸ್ಯ ಮಾಡಲಾಗದು. ಹೆಸರಿಲ್ಲದ ಭಯಕ್ಕೆ ಒಂದು ಹೆಸರು ಕೊಟ್ಟು, ಅದಕ್ಕೊಂದು ಜಾಗ ಕೊಟ್ಟು, ಎಲ್ಲರೂ ಒಂದೆಡೆ ನಿಂತು ಕೈಮುಗಿದರೆ ಅರ್ಧ ದಿಗಿಲು ಇಳಿಯುತ್ತಿತ್ತು.

ಸರ್ಕಾರದವರು ಏನು ಮಾಡಿದರು? ಅವರ ಮುಂದೆ ಪುಣೆಯ ಉದಾಹರಣೆಯಿತ್ತು. ೧೮೯೭ರಲ್ಲಿ ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾನೂನನ್ನು ಮಾಡಿ ಅಧಿಕಾರಿಗಳಿಗೆ ಅಪಾರವಾದ ಅಧಿಕಾರ ಕೊಟ್ಟಿತು. ಪುಣೆಯ ಪ್ಲೇಗು ಸಮಿತಿಯ ಅಧ್ಯಕ್ಷ ರ‍್ಯಾಂಡ್ ಗೋರಾ ಸಿಪಾಯಿಗಳನ್ನು ಮನೆಮನೆಗೆ ನುಗ್ಗಿಸಿದ. ದೇವರ ಮನೆ, ಬಚ್ಚಲು, ಹೆಂಗಸರ ಕೋಣೆ ಯಾವುದೂ ಉಳಿಯಲಿಲ್ಲ. ಆ ವರ್ಷದ ಜೂನ್ ೨೨ರ ರಾತ್ರಿ ಚಾಪೇಕರ್ ಸಹೋದರರು ರ‍್ಯಾಂಡ್‌ನ ಮೇಲೆ ಗುಂಡು ಹಾರಿಸಿದರು. ಅದೇ ಪುಣೆಯಲ್ಲಿ ಅದೇ ವರ್ಷದ ಮಾರ್ಚ್ ೧೦ರಂದು ಪ್ಲೇಗು ರೋಗಿಗಳ ಶುಶ್ರೂಷೆ ಮಾಡುತ್ತ ಸೋಂಕು ತಗಲಿ ಸಾವಿತ್ರಿಬಾಯಿ ಫುಲೆಯವರು ತೀರಿಕೊಂಡರೆಂಬುದನ್ನೂ ಇಲ್ಲಿಯೇ ನೆನೆಯಬೇಕು. ಒಂದೇ ಊರು, ಒಂದೇ ರೋಗ. ಒಬ್ಬನನ್ನು ಕಂಡರೆ ಜನ ರೋಗಿಯನ್ನು ಬಚ್ಚಿಡುತ್ತಿದ್ದರು. ಇನ್ನೊಬ್ಬರ ಬಳಿಗೆ ರೋಗಿಯನ್ನು ತರುತ್ತಿದ್ದರು.

ಮೈಸೂರಿನಲ್ಲಿ ಆಗ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರೀಜೆಂಟರು, ಶೇಷಾದ್ರಿ ಅಯ್ಯರ್ ಅವರು ದಿವಾನರು. ಪ್ಲೇಗು ಕಮಿಷನರಾಗಿ ನೇಮಕವಾದವರು ಮುಂದೆ ದಿವಾನರೂ ಆದ ವಿ. ಪಿ. ಮಾಧವರಾಯರು. ರೋಗಿಗಳನ್ನು ಆಸ್ಪತ್ರೆಗೆ ಸಾಗಿಸುವುದು, ಮನೆಯವರನ್ನು ಶಿಬಿರಗಳಲ್ಲಿ ಬೇರೆ ಇಡುವುದು, ಮನೆಗಳನ್ನು ತೊಳೆಯಿಸುವುದು, ರೈಲಿನ ಪ್ರಯಾಣಿಕರ ತಪಾಸಣೆ ಎಲ್ಲವೂ ಇಲ್ಲಿಯೂ ನಡೆದುವು. ಬೆಂಗಳೂರಿಗೆ ಟೆಲಿಫೋನ್ ತಂತಿ ಬಂದದ್ದೇ ಪ್ಲೇಗಿನ ಕೆಲಸಕ್ಕಾಗಿ ಎಂದು ಹೇಳುವುದುಂಟು. ಇಂದು ಗಳಿಗೆಗೊಮ್ಮೆ ಕಿವಿಗೆ ಅಂಟಿಸಿಕೊಳ್ಳುವ ಯಂತ್ರದ ಮೊದಲ ಮಾತುಗಳು ಎಂಥವಿದ್ದಿರಬೇಕು!

ಇಲ್ಲಿ ಗೋರಾ ಸಿಪಾಯಿಯ ಬದಲು ನಮ್ಮವರೇ ಬಂದರೆಂಬುದು ನಿಜ. ಅಷ್ಟರಿಂದಲೇ ಎಲ್ಲವೂ ಸುಸೂತ್ರವಾಗಿ ನಡೆಯಿತೆಂದಲ್ಲ. ೧೮೯೮ರ ಕೊನೆಯಲ್ಲಿ ಶ್ರೀರಂಗಪಟ್ಟಣದ ಪಕ್ಕದ ಗಂಜಾಮಿನಲ್ಲಿ ಜನ ಪ್ಲೇಗಿನ ಕ್ರಮಗಳ ವಿರುದ್ಧ ಗುಂಪು ಕಟ್ಟಿ ಎದ್ದರು. ಪೊಲೀಸರು ಗುಂಡು ಹಾರಿಸಿದರು. ಶಿಬಿರಕ್ಕೆ ಒಯ್ದವರು ಹಿಂದಿರುಗುವುದಿಲ್ಲವೆಂದು ಜನ ನಂಬಿದ್ದರು. ಜಾತಿಯ ಊಟವಿಲ್ಲ, ಸತ್ತರೆ ಸಂಸ್ಕಾರವಿಲ್ಲ, ಮನೆಯ ಮಾಡು ಕಿತ್ತ ಮೇಲೆ ಮರಳಿ ಹಾಕಿಸಿಕೊಡುವವರಿಲ್ಲ ಎಂಬ ಅವರ ಅಂಜಿಕೆ ಬರಿಯ ಮೂಢನಂಬಿಕೆಯಾಗಿರಲಿಲ್ಲ. ಫಲವಾಗಿ ಹೆಣವನ್ನು ಹಿತ್ತಲಲ್ಲಿ ಹೂಳುವುದು, ಜ್ವರದವನನ್ನು ಅಟ್ಟದ ಮೇಲೆ ಮಲಗಿಸುವುದು. ಅಟ್ಟದ ಮೇಲೆಯೇ ಇಲಿ!

ಇಂಥ ಕಾಲದಲ್ಲಿ ‘ಯಾರೂ ಭಯಪಡಬಾರದು’ ಎಂದು ಹೇಳುವುದು ಅಧಿಕಾರಿಗಳ ಮೊದಲ ಕೆಲಸ. ಹೆದರಿದವನು ಅದನ್ನು ಕೇಳಿ ಇನ್ನಷ್ಟು ಹೆದರುತ್ತಾನೆ. ಹಳ್ಳಿಯವನ ಎದೆ ಗಟ್ಟಿಯಾದದ್ದು ಬೋಧನೆಯಿಂದಲ್ಲ. ಇಲಿ ಸತ್ತದ್ದನ್ನು ನೋಡಿ ತಿಳಿಸುವ ಕೆಲಸ, ಗಳ ಹೊರುವ ಕೆಲಸ, ಕಾವಲಿನ ಸರದಿ ಇವು ಅವನ ಪಾಲಿಗೆ ಬಂದವು. ತನ್ನ ಮನೆಯವರನ್ನು ಬಿಟ್ಟು ಹೋಗುವುದಿಲ್ಲವೆಂಬ ನಂಬಿಕೆಯೂ ಇತ್ತು. ಪೇಟೆಯವನಿಗೆ ಇವೆರಡೂ ಇರಲಿಲ್ಲ. ಅವನ ಪಾಲಿಗೆ ಬಂದದ್ದು ತಪಾಸಣೆಗೆ ಒಳಗಾಗುವ ಕೆಲಸ ಒಂದೇ.

ಆದರೂ ಪೇಟೆಯ ಕತ್ತಲೆಯಲ್ಲಿ ಒಬ್ಬರ ಹೆಸರು ದೀಪದಂತೆ ಕಾಣುತ್ತದೆ. ಡಾಕ್ಟರ್ ಪಲ್ಪು ಎಂಬ ಹೆಸರು ಕೇರಳದವರಿಗೆ ಸುಪರಿಚಿತ, ಬೆಂಗಳೂರಿನವರು ಮರೆತೇಬಿಟ್ಟಿದ್ದಾರೆ. ೧೮೬೩ರಲ್ಲಿ ತಿರುವನಂತಪುರದಲ್ಲಿ ಹುಟ್ಟಿದ ಈಳವರು. ಮದರಾಸಿನಲ್ಲಿ ವೈದ್ಯ ವಿದ್ಯೆ ಮುಗಿಸಿ ಊರಿಗೆ ಬಂದರೆ ತಿರುವಾಂಕೂರು ಸರ್ಕಾರ ಕೆಲಸ ಕೊಡಲಿಲ್ಲ. ಶೇಂದಿ ಇಳಿಸುವ ಜಾತಿಯವನು ವೈದ್ಯನಾಗಿ ಮೇಲುಜಾತಿಯವರ ನಾಡಿ ಹಿಡಿಯುವುದೆ ಎಂದು. ಅವರು ಮೈಸೂರಿಗೆ ಬಂದರು, ಮೈಸೂರು ಸರ್ಕಾರ ಅವರಿಗೆ ಕೆಲಸ ಕೊಟ್ಟಿತು. ಇದು ನಮ್ಮ ಸಂಸ್ಥಾನದ ಪುಣ್ಯದ ಲೆಕ್ಕದಲ್ಲಿ ಸೇರತಕ್ಕ ಸಂಗತಿ.

೧೮೯೮ರ ಪ್ಲೇಗಿನಲ್ಲಿ ಬೆಂಗಳೂರಿನ ಶಿಬಿರದ ಹೊಣೆ ಪಲ್ಪು ಅವರ ಮೇಲೆ ಬಿದ್ದಿತು. ಸಹೋದ್ಯೋಗಿಗಳಲ್ಲಿ ಎಷ್ಟೋ ಜನ ಹಿಂಜರಿದ ಕೆಲಸ. ಹೆಂಡತಿ ಮಕ್ಕಳಿದ್ದ ಗೃಹಸ್ಥ; ಪ್ರತಿದಿನವೂ ಸಾಯುವವರ ನಡುವೆ ಓಡಾಟ. ರೋಗಿಯ ಮೈಮುಟ್ಟಿ ಗಡ್ಡೆ ನೋಡುವುದಲ್ಲದೆ, ಹೊರುವವರಿಲ್ಲದ ಹೆಣಗಳ ವಿಲೇವಾರಿಯೂ ಅವರ ಪಾಲಿಗೇ ಬಂತು. ಹುಟ್ಟಿದ ಸೀಮೆಯಲ್ಲಿ ಯಾರ ಕೈ ಮೈಲಿಗೆಯೆಂದು ಕೆಲಸ ನಿರಾಕರಿಸಿದರೋ ಅದೇ ಕೈ ಇಲ್ಲಿ ಹೆತ್ತವರೂ ಮುಟ್ಟಲಂಜಿದ ಮೈಯನ್ನು ಮುಟ್ಟಿತು. ಈ ಹಾವಳಿಯ ತರುವಾಯ ಅವರು ಹೆಚ್ಚಿನ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ಹೋಗಿ ಬಂದರು. ೧೯೦೩ರಲ್ಲಿ ನಾರಾಯಣ ಗುರುಗಳೊಡನೆ ಕೂಡಿ ಶ್ರೀ ನಾರಾಯಣ ಧರ್ಮ ಪರಿಪಾಲನ ಯೋಗವನ್ನು ಕಟ್ಟಿದವರಲ್ಲಿ ಮುಖ್ಯರಾದರು. ಬೆಂಗಳೂರಿನ ಪ್ಲೇಗು ಶಿಬಿರದಲ್ಲಿ ಅವರು ಕಂಡದ್ದು ಮುಂದಿನ ಆ ಕೆಲಸದೊಳಗೆ ಎಷ್ಟು ಸೇರಿತ್ತೆಂದು ಅಳೆಯುವುದು ಹೇಗೆ? ಆದರೆ ಸಾವಿನೆದುರು ಜಾತಿಯ ಗೋಡೆ ಎಷ್ಟು ಹೊತ್ತು ನಿಲ್ಲುತ್ತದೆಂಬುದನ್ನು ಅವರಷ್ಟು ಹತ್ತಿರದಿಂದ ನೋಡಿದವರು ಕಡಿಮೆ.

ನಂಬಿಕೆಯ ಮಾತು ಬಂದದ್ದರಿಂದ ಸೂಜಿಯ ಕಥೆಯನ್ನೂ ಹೇಳಬೇಕು. ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಪ್ಲೇಗಿಗೆ ಲಸಿಕೆ ತಯಾರಿಸಿ, ೧೮೯೭ರ ಜನವರಿ ೧೦ರಂದು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡ. ಮರುವರ್ಷ ನಮ್ಮ ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಜನ ಆ ಸೂಜಿ ಹಾಕಿಸಿಕೊಂಡರು. ಅಷ್ಟು ಬೇಗ ಅಷ್ಟು ಜನ ಮುಂದೆ ಬಂದ ಊರು ಆಗ ಅಪರೂಪ. ಊರಿನ ಮುಖಂಡರು ಮೊದಲು ತೋಳು ಚಾಚಿದರೆ ಬಡಾವಣೆಯೇ ಹಿಂದೆ ಬರುತ್ತದೆಂಬುದು ಯಾವ ಕಾಲದಲ್ಲಿಯೂ ನಿಜ. ಆ ನಂಬಿಕೆ ಎಷ್ಟು ನಾಜೂಕಿನದೆಂಬುದು ೧೯೦೨ರಲ್ಲಿ ತಿಳಿಯಿತು. ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ ಲಸಿಕೆ ಪಡೆದವರಲ್ಲಿ ಹತ್ತೊಂಬತ್ತು ಜನ ಧನುರ್ವಾಯುವಿನಿಂದ ಸತ್ತರು. ತಪ್ಪು ಲಸಿಕೆಯದಲ್ಲ, ಅಲ್ಲಿ ಒಂದು ಸೀಸೆ ತೆರೆಯುವಾಗ ಆದ ಅಶುದ್ಧಿಯದು ಎಂಬುದು ಸಿದ್ಧವಾಗಲು ವರ್ಷಗಳೇ ಹಿಡಿದವು. ಅಷ್ಟರಲ್ಲಿ ಹಾಫ್‌ಕಿನ್ ಕೆಲಸ ಕಳೆದುಕೊಂಡಿದ್ದ. ಜನರೂ ಸೂಜಿ ಕಂಡರೆ ಓಡುತ್ತಿದ್ದರು.

ಪ್ಲೇಗಿನಿಂದ ಬೆಂಗಳೂರಿಗೆ ಆದ ಲಾಭವನ್ನು ಎಲ್ಲರೂ ಬರೆದಿದ್ದಾರೆ. ಅದಕ್ಕೆ ಮುಂಚೆಯೇ ನಕ್ಷೆ ಹಾಕಿದ್ದ ಮಲ್ಲೇಶ್ವರ, ಬಸವನಗುಡಿಗಳಿಗೆ ಈಗ ಜೀವ ಬಂತು. ಅಗಲವಾದ ರಸ್ತೆ, ಮನೆಯ ಸುತ್ತ ಬಯಲು, ಹಿಂದೊಂದು ಓಣಿ. ದಂಡಿನ ಕಡೆ ಜೆ. ಎಚ್. ಸ್ಟೀಫನ್ಸ್ ಎಂಬ ಇಂಜಿನಿಯರು ಇಲಿ ನುಗ್ಗದ ಮನೆಗಳ ಮಾದರಿ ಮಾಡಿ ಫ್ರೇಜರ್ ಟೌನನ್ನು ಕಟ್ಟಿಸಿದರು. ೧೮೯೭ರಲ್ಲಿ ಅಡಿಗಲ್ಲಿಟ್ಟ ವಿಕ್ಟೋರಿಯಾ ಆಸ್ಪತ್ರೆ ೧೯೦೦ರಲ್ಲಿ ತೆರೆಯಿತು. ೧೮೯೯ರಲ್ಲಿ, ಸಾವಿನ ಆ ಗಲಿಬಿಲಿಯ ನಡುವೆಯೇ, ಮಹಾರಾಣಿಯವರು ಹೆಬ್ಬಾಳದಲ್ಲಿ ಮೂವತ್ತು ಎಕರೆ ಕೊಟ್ಟು ವ್ಯವಸಾಯದ ಪ್ರಯೋಗ ಕ್ಷೇತ್ರವನ್ನು ಆರಂಭಿಸಿದರು. ಇಂದಿನ ಕೃಷಿ ವಿಶ್ವವಿದ್ಯಾನಿಲಯದ ಬೇರು ಅಲ್ಲಿದೆ. ಎಲ್ಲವೂ ಒಳ್ಳೆಯದೇ. ಆದರೆ ಹೊಸ ಬಡಾವಣೆಯಲ್ಲಿ ನಿವೇಶನ ಕೊಂಡು ಮನೆ ಕಟ್ಟಿದವರು ಯಾರು? ವಕೀಲರು, ಗುಮಾಸ್ತರು, ವರ್ತಕರು. ನಿವೇಶನಗಳನ್ನು ಹಂಚಿದ್ದೂ ಜಾತಿ ಪಂಗಡಗಳನ್ನು ನೋಡಿಯೇ. ಕೆಡವಿದ ಗುಡಿಸಲಿನವನು ಅಲ್ಲಿಗೆ ಬಂದದ್ದು ಕಲ್ಲು ಹೊರುವುದಕ್ಕೆ.

ನಮ್ಮ ನಾಡಿನಲ್ಲಿ ಪ್ಲೇಗು ಕೊನೆಗೊಳ್ಳಲು ಬಹಳ ಕಾಲ ಹಿಡಿಯಿತು. ದೇಶದಲ್ಲೆಲ್ಲ ಒಂದು ಕೋಟಿಗೂ ಮೀರಿ ಜನ ಸತ್ತರು. ಆ ಸರಣಿಯ ಕೊನೆಯ ರೋಗಿ ೧೯೬೬ರಲ್ಲಿ ಕಂಡುಬಂದದ್ದು ನಮ್ಮ ಕೋಲಾರ ಜಿಲ್ಲೆಯಲ್ಲಿ. ಆ ಬಳಿಕ ಸುಮಾರು ಮೂರು ದಶಕ ಸುಮ್ಮನಿದ್ದ ಮಾರಿ ೧೯೯೪ರಲ್ಲಿ ಸೂರತ್ತಿನಲ್ಲಿ ತಲೆಯೆತ್ತಿದಾಗ ಲಕ್ಷಗಟ್ಟಲೆ ಜನ ರೈಲು ಹತ್ತಿ ಓಡಿದರು. ತೊಂಬತ್ತಾರು ವರ್ಷದ ಹಿಂದಿನ ಪೇಟೆಯ ಓಟವೇ ಅದು. ಹಾಸಿಗೆಯ ಬದಲು ಸೂಟ್‌ಕೇಸು.

ಜನ ಅಜ್ಞಾನದಿಂದ ಹೆದರುತ್ತಾರೆ, ತಿಳಿವಳಿಕೆ ಕೊಟ್ಟರೆ ಸರಿಹೋಗುತ್ತಾರೆ ಎಂಬುದು ನಮ್ಮಂಥ ಓದಿದವರ ಹಳೆಯ ನಂಬಿಕೆ. ಅದನ್ನು ಅಲುಗಾಡಿಸುವ ಒಂದು ಅಧ್ಯಯನ ಬೆಂಗಳೂರಿನ ಉತ್ತರ ದಿಕ್ಕಿನಲ್ಲಿಯೇ ಹುಟ್ಟಿತು. ಬಳ್ಳಾರಿ ರಸ್ತೆಯ ‘ಅವಲಾನ್’ ಬಂಗಲೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು ೧೯೬೦ರ ಸೆಪ್ಟೆಂಬರಿನಲ್ಲಿ ಪಂಡಿತ ನೆಹರೂ ಅವರು ಉದ್ಘಾಟಿಸಿದರು. ಅಲ್ಲಿನ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬಿಬ್ಬರು ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ, ಕ್ಷಯದ ಲಕ್ಷಣವಿದ್ದವರನ್ನು ಕೂರಿಸಿಕೊಂಡು ಮಾತನಾಡಿಸಿದರು, ೧೯೬೩ರಲ್ಲಿ ಪ್ರಕಟಿಸಿದರು. ಹಳ್ಳಿಗರಿಗೆ ತಮ್ಮ ಕಾಯಿಲೆಯ ಅರಿವು ಇತ್ತು, ಚಿಂತೆಯೂ ಇತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ತಾವಾಗಿಯೇ ವೈದ್ಯರ ಬಳಿಗೆ ಹೋಗಿದ್ದರು. ಬಹುಪಾಲು ಜನಕ್ಕೆ ಅಲ್ಲಿ ಸಿಕ್ಕಿದ್ದು ಒಂದು ಸೀಸೆ ಕೆಮ್ಮಿನ ಔಷಧ. ಹಳ್ಳಿಯವನು ಬಾಗಿಲು ತಟ್ಟಿದ್ದ, ಒಳಗಿದ್ದವರಿಗೆ ಕೇಳಿಸಲಿಲ್ಲ. ಹುಬ್ಬಳ್ಳಿಯ ಪ್ಲೇಗು ಬಂದ ರೈಲು ದಾರಿಯೂ ಅದೇ ತುಮಕೂರಿನ ಮೇಲೆಯೇ ಹಾದುಹೋಗುತ್ತದೆ.

ಆ ದಾರಿಯಲ್ಲಿ ಯಶವಂತಪುರ ದಾಟಿದರೆ ಸ್ವಲ್ಪ ದೂರದಲ್ಲೇ ಚಿಕ್ಕಬಾಣಾವರ. ೨೦೨೦ರ ಮಾರ್ಚಿನಲ್ಲಿ ಕೋವಿಡ್ ರೋಗಕ್ಕಾಗಿ ದೇಶವನ್ನೆಲ್ಲ ಮುಚ್ಚಿದಾಗ ಬೆಂಗಳೂರು ಕಟ್ಟಲು ಬಂದಿದ್ದ ಬಿಹಾರ, ಒರಿಸ್ಸಾ, ಜಾರ್ಖಂಡಿನ ಕೂಲಿಗಳು ಕೆಲಸವಿಲ್ಲದೆ ಉಳಿದರು. ಮೇ ತಿಂಗಳ ಮೊದಲ ವಾರ ಅವರನ್ನು ಊರಿಗೆ ಕಳಿಸುವ ರೈಲುಗಳು ಹೊರಟದ್ದು ಈ ಚಿಕ್ಕಬಾಣಾವರದಿಂದ ಮತ್ತು ಮಾಲೂರಿನಿಂದ. ಮೇ ೫ರಂದು ಕಟ್ಟಡ ನಿರ್ಮಾಪಕರ ಜೊತೆ ಮಾತುಕತೆಯಾದ ಮೇಲೆ ಸರ್ಕಾರ ರೈಲು ಬೇಡವೆಂದಿತು. ಎಲ್ಲ ಕಡೆಯಿಂದ ಟೀಕೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಮತ್ತೆ ಬಿಡಿಸಿತು. ನಡುವಿನ ಆ ದಿನಗಳಲ್ಲಿ ಗಂಟು ಹೊತ್ತು ಹೆದ್ದಾರಿ ಹಿಡಿದು ನಡೆದವರನ್ನು ಬಳ್ಳಾರಿ ರಸ್ತೆಯಲ್ಲಿ ಕಂಡವರಿದ್ದಾರೆ. ಊರಿನವನೆಂದು ಲೆಕ್ಕಕ್ಕೆ ಹಿಡಿಯದವನನ್ನು ಶಾಂತನಾಗಿ ಊರಲ್ಲೇ ಇರು ಎಂದರೆ ಅವನು ಹೇಗಿರುತ್ತಾನೆ?

ಊರಿನವರೆಂದು ಲೆಕ್ಕವಿದ್ದವರ ಬಾಗಿಲಿಗೆ ಚೀಟಿ ಬಂತು. ಸಿಡುಬಿನ ಕಾಲದಲ್ಲಿ ಮನೆಗೆ ‘ಅಮ್ಮ’ ಬಂದರೆ ಬಾಗಿಲಿಗೆ ಬೇವಿನ ಸೊಪ್ಪು ಸಿಗಿಸುತ್ತಿದ್ದರು. ಅದನ್ನು ಕಂಡವರು ಒಳಕ್ಕೆ ಕಾಲಿಡುತ್ತಿರಲಿಲ್ಲ. ಜಗಲಿಯಾಚೆಯಿಂದಲೇ ಹೇಗಿದೆ ತಾಯಿ ಎಂದು ವಿಚಾರಿಸಿ, ಮಜ್ಜಿಗೆಯನ್ನೋ ಎಳನೀರನ್ನೋ ಇಟ್ಟು ಹೋಗುತ್ತಿದ್ದರು. ಸೊಪ್ಪು ಕಟ್ಟಿದವರು ಮನೆಯವರೇ. ೨೦೨೦ರ ಚೀಟಿಯನ್ನು ಅಂಟಿಸಿದವರು ಕಾರ್ಪೊರೇಷನ್ನಿನವರು. ಕೈಮೇಲೆ ಮುದ್ರೆ ಒತ್ತಿದರು. ಪ್ರತ್ಯೇಕವಾಸದಲ್ಲಿದ್ದವರ ಮನೆಯ ವಿಳಾಸಗಳನ್ನು ಸರ್ಕಾರ ಪ್ರಕಟಿಸಿಯೂ ಬಿಟ್ಟಿತು. ಎರಡರ ಉದ್ದೇಶವೂ ಒಂದೇ. ಆದರೂ ಚೀಟಿ ಬಿದ್ದ ಮನೆಯವರು ಬಾಡಿಗೆ ಮನೆ ಬಿಡಬೇಕಾದೀತೆಂದು ಹೆದರಿ ಕೆಮ್ಮನ್ನು ನುಂಗಿಕೊಂಡರು. ಅಟ್ಟದ ಮೇಲೆ ರೋಗಿಯನ್ನು ಮಲಗಿಸಿದವರ ಮೊಮ್ಮಕ್ಕಳಲ್ಲವೆ? ಅದೇ ಬೀದಿಗಳಲ್ಲಿ ಗೇಟಿನ ಕಂಬಿಗೆ ಹಾಲು ತರಕಾರಿಯ ಚೀಲ ತೂಗುಹಾಕಿ, ದೂರ ನಿಂತು ಫೋನು ಮಾಡಿ ಹೇಳಿದ ನೆರೆಯವರೂ ಇದ್ದರು. ಅವರು ಬೇವಿನ ಸೊಪ್ಪಿನ ಕಡೆಯವರು.

೨೦೨೧ರ ಏಪ್ರಿಲಿನಲ್ಲಿ ಎರಡನೆಯ ಅಲೆ ಬಂದಾಗ ಯಲಹಂಕದ ಬಳಿಯ ಮೇಡಿ ಅಗ್ರಹಾರದ ಚಿತಾಗಾರದ ಮುಂದೆ ಆಂಬುಲೆನ್ಸುಗಳು ಸಾಲುಗಟ್ಟಿ ನಿಂತವು. ಚಿತಾಗಾರದ ಕೆಲಸಗಾರರು ಹಗಲು ರಾತ್ರಿ ಎನ್ನದೆ ದುಡಿದರು. ಗುರುತು ಪರಿಚಯವಿಲ್ಲದವರ ಹೆಣಕ್ಕೆ ಹೆಗಲು ಕೊಡಲು ಎಲ್ಲ ಮತದ ಸ್ವಯಂಸೇವಕರೂ ಬಂದರು. ಪಲ್ಪು ಅವರ ಕೆಲಸ ನೂರಿಪ್ಪತ್ತಮೂರು ವರ್ಷದ ಮೇಲೆ ಮತ್ತೊಮ್ಮೆ ಬೇಕಾಗಿತ್ತು. ಸುಟ್ಟ ಮೇಲೆ ಬೂದಿಯ ಕುಡಿಕೆಗಳಿಗೆ ಚೀಟಿ ಬರೆದು ಅಂಟಿಸಿ ಕಾದಿಟ್ಟರು. ಎಷ್ಟೋ ಕುಡಿಕೆಗಳನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಬರಬೇಕಾದವರು ಆಸ್ಪತ್ರೆಯಲ್ಲಿದ್ದರೋ, ಹೆದರಿದ್ದರೋ, ತಾವೂ ಉಳಿದಿರಲಿಲ್ಲವೋ. ಆ ವರ್ಷದ ಜೂನ್ ಮೊದಲ ವಾರದಲ್ಲಿ ಬೆಂಗಳೂರಿನ ಚಿತಾಗಾರಗಳಲ್ಲಿ ಹೀಗೆ ಉಳಿದಿದ್ದ ನೂರಾರು ಜನರ ಅಸ್ಥಿಯನ್ನು ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಗೆ ಒಯ್ದು, ಪುರೋಹಿತರನ್ನು ಕರೆಸಿ, ಕರ್ನಾಟಕದ ಕಂದಾಯ ಮಂತ್ರಿಗಳು ತಾವೇ ನಿಂತು ಕಾವೇರಿಯಲ್ಲಿ ಬಿಟ್ಟರು.